ಅಂಗಳದಲ್ಲಿ ಒಣಗಿಸಿದ ಕೊಬ್ಬರಿ

ನಮ್ಮ ಸಮುದಾಯ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಒಬ್ಬ ಲೇಖಕರನ್ನು ಕರೆಸಿ ಉಪನ್ಯಾಸ ಮಾಡಿಸುತ್ತೇವೆ. ಮಾಡಿಸುತ್ತೇವೆ ಎಂದು ಹೇಳಿಕೊಳ್ಳುವವರು ಬೇರೆ, ಬೆವರು ಸುರಿಸುವವಳು ನಾನು. ಅದಕ್ಕೆ ಎರಡು ತಿಂಗಳು ಮೊದಲೇ ಆ ಲೇಖಕರ ಒಂದು ಪುಸ್ತಕವನ್ನು ಹುಡುಗರ ಕೈಗೆ ಕೊಟ್ಟು, ಓದಿಸಿ, ಪ್ರತಿಕ್ರಿಯೆ ಬರೆಸಿ, ಚೆನ್ನಾಗಿ ಬರೆದವರಿಗೆ ಲೇಖಕರ ಕೈಯಿಂದಲೇ ಬಹುಮಾನ ಕೊಡಿಸುವುದು ಪದ್ಧತಿ. ಮೊದಲ ಬಹುಮಾನ ಬಂದವರು ತಮ್ಮ ಪ್ರತಿಕ್ರಿಯೆಯನ್ನು ವೇದಿಕೆಯ ಮೇಲೆ ಲೇಖಕರ ಎದುರಿಗೇ ಓದಬೇಕು. ಕೇಳಲು ಚೆನ್ನಾಗಿದೆ. ಮೊದಲ ವರ್ಷ ನಾನೂ ಹಾಗೆಯೇ ಅಂದುಕೊಂಡು ಹೊಸ ಸೀರೆ ಉಟ್ಟು ಹೋಗಿದ್ದೆ.

ನಾನು ಅಲ್ಲಿ ಕನ್ನಡ ಮೇಡಂ. ಹೊಲಿಗೆ, ಕಂಪ್ಯೂಟರ್, ಮೋಟಾರು ರಿಪೇರಿ ಕಲಿಯಲು ತಿಪಟೂರಿಗೆ ಬರುವ ಸುತ್ತಲಿನ ಹುಡುಗ ಹುಡುಗಿಯರಿಗೆ ವಾರಕ್ಕೆ ನಾಲ್ಕು ಗಂಟೆ ಕನ್ನಡ ಹೇಳುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಬಂದು ಹೋದ ಲೇಖಕರನ್ನು ನೆನೆದರೆ ಒಬ್ಬರ ಮೇಲೂ ಗೌರವ ಉಳಿದಿಲ್ಲ. ಒಬ್ಬರು ಒಂದೂವರೆ ಗಂಟೆ ತಮ್ಮ ವಿದೇಶ ಪ್ರವಾಸ ಹೇಳಿದರು. ಇನ್ನೊಬ್ಬರು ಹುಡುಗರು ಓದುವಾಗ ಗೊರಕೆ ಹೊಡೆದರು. ಮತ್ತೊಬ್ಬರು ಎಳನೀರು ಕುಡಿದು, ನಾಲ್ಕು ಗೊನೆ ಕಾರಿಗೆ ಹಾಕಿಸಿಕೊಂಡು, ನಮ್ಮ ಕಾಲೇಜಿನ ಹೆಸರನ್ನು ಮೂರು ಸಲ ತಪ್ಪು ಹೇಳಿ ಹೋದರು. ಎಲ್ಲರಿಗೂ ನಾವು ಶಾಲು ಹೊದಿಸಿ ಹಲ್ಲು ಗಿಂಜಿದ್ದೇವೆ.

ನಾನು ಹೇಳಹೊರಟದ್ದು ಹೋದ ವರ್ಷದ್ದು. ಆ ಲೇಖಕರನ್ನು ಆರಿಸಿದವರು ನಮ್ಮ ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿಗಳು. ತಾತನ ಕಾಲದಿಂದ ಕೊಬ್ಬರಿ ಮಂಡಿ ಇಟ್ಟವರು. ಬೆಂಗಳೂರಿನ ಯಾವುದೋ ಮದುವೆಯಲ್ಲಿ ಲೇಖಕರ ಪಕ್ಕದ ಎಲೆಗೆ ಊಟಕ್ಕೆ ಕೂತಿದ್ದರಂತೆ. ಬಂದವರೇ ನನ್ನನ್ನು ಕರೆಸಿ, “ನಮ್ ಸೀಮೆ ಮ್ಯಾಲೇ ಕಾದಂಬರಿ ಬರ್ದವ್ರೆ ಕಣ್ರೀ ಮೇಡಂ, ಈ ಸಲ ಅವರೇ ಆಗ್ಬೇಕು” ಎಂದರು. ನೀವು ಓದಿದ್ದೀರಾ ಸಾರ್ ಎಂದು ಕೇಳಿದೆ. “ಓದೋಕೆ ನೀವಿಲ್ವಾ?” ಎಂದು ನಕ್ಕರು.

ಎರಡು ಸಂಜೆ ಕೂತು ಓದಿದೆ. ಕಾದಂಬರಿಯ ನಾಯಕಿ ತೆಂಗಿನ ತೋಟದ ಮನೆಯ ಸೊಸೆ. ಗಂಡ ಒಳ್ಳೆಯವನಲ್ಲ, ಅತ್ತೆ ಅವನಿಗಿಂತ ಕಡೆ. ಅವಳು ಹಸಿ ತೆಂಗಿನಕಾಯಿಗಳನ್ನು ಒಡೆದು, ಹೋಳು ಮಾಡಿ, ಅಂಗಳದಲ್ಲಿ ಚಾಪೆ ಹಾಸಿ ಒಣಗಲು ಇಡುತ್ತಾಳೆ. ವರ್ಷದ ಕೊಬ್ಬರಿಯೆಲ್ಲ ಅದೇ. ಮಳೆ ಬರುತ್ತದೆ. ಹೋಳುಗಳು ನೆನೆಯುತ್ತವೆ, ಅವಳು ಅಂಗಳದ ನಡುವೆ ನಿಂತು ಅಳುತ್ತಾಳೆ, ಗಂಡ ಹೊಡೆಯುತ್ತಾನೆ, ಅವಳು ಮನೆ ಬಿಡುತ್ತಾಳೆ. ಇಡೀ ಕಾದಂಬರಿ ಆ ಒಂದು ಮಳೆಯ ಮೇಲೆ ನಿಂತಿದೆ.

ಹೊರಗಿನವರಿಗೆ ಇದರಲ್ಲಿ ಏನೂ ಅನ್ನಿಸಲಿಕ್ಕಿಲ್ಲ. ನಾನು ಹುಟ್ಟಿದ್ದು ಶೆಟ್ಟಿಕೆರೆ ಕಡೆಯ ಮನೆಯಲ್ಲಿ. ನಮ್ಮ ಕಡೆ ಕೊಬ್ಬರಿ ಆಗುವುದು ಹೀಗಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಮನೆಯೊಳಗೆ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ಕೊಬ್ಬರಿ ತಾನೇ ಚಿಪ್ಪು ಬಿಟ್ಟು, ಉಂಡೆಯಾಗಿ ಒಳಗೆ ಆಡುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನು ಮಚ್ಚಿನಿಂದ ಹುಷಾರಾಗಿ ಬಿಡಿಸಿ ಇಡಿಯಾಗಿ ತೆಗೆಯುತ್ತಾರೆ. ಹೋಳು ಮಾಡಿ ಬಿಸಿಲಿಗೆ ಹಾಕುವುದು ಬೇರೆ ಸೀಮೆಯ ಕೆಲಸ. ನಮ್ಮಲ್ಲಿ ಮಳೆ ಬಂದರೆ ಕೊಬ್ಬರಿಗೆ ಏನೂ ಆಗುವುದಿಲ್ಲ. ಸೊಸೆ ಅಳಬೇಕಾದ್ದೂ ಇಲ್ಲ, ಅಥವಾ ಬೇರೆ ಕಾರಣಕ್ಕೆ ಅಳಬೇಕು. ಈ ಮಹಾನುಭಾವರು ನಮ್ಮ ಸೀಮೆಯ ಒಂದು ಮನೆಯ ಹೊಸ್ತಿಲು ದಾಟಿ ತಲೆ ಎತ್ತಿ ಮೇಲೆ ನೋಡಿದ್ದರೆ ಸಾಕಿತ್ತು. ಕಾರಿನ ಕಿಟಕಿಯಿಂದ ತೋಟ ನೋಡಿಕೊಂಡು ಹೋಗಿ ಮುನ್ನೂರು ಪುಟ ಬರೆದಿದ್ದರು.

ಇದನ್ನು ನಾನು ಮನೆಯಲ್ಲಿ ಹೇಳಿಕೊಂಡು ನಕ್ಕೆ. ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ನನ್ನ ಪಾಡಿಗೆ ಪುಸ್ತಕ ಹಂಚಿದೆ.

ನಲವತ್ತು ಚಿಲ್ಲರೆ ಪ್ರತಿಕ್ರಿಯೆ ಬಂದವು. ಮುಕ್ಕಾಲು ಪಾಲು ಒಂದೇ ಸಾಲಿನಿಂದ ಶುರು: “ಈ ಕೃತಿಯು ಗ್ರಾಮೀಣ ಬದುಕಿನ ಅನನ್ಯ ದರ್ಶನವಾಗಿದೆ.” ಮೊಬೈಲನ್ನು ಕೇಳಿದ್ದಾರೆ, ಮೊಬೈಲು ಹೇಳಿದೆ, ಇವರು ಬರೆದಿದ್ದಾರೆ. ಒಬ್ಬ ಹುಡುಗನಂತೂ ಕೊನೆಯಲ್ಲಿ “ಇದನ್ನು ಇನ್ನೂ ಚಿಕ್ಕದಾಗಿ ಬರೆದುಕೊಡಲೇ?” ಎಂಬ ಮೊಬೈಲಿನ ಪ್ರಶ್ನೆಯನ್ನೂ ದುಂಡಗೆ ಬರೆದು ಕೆಳಗೆ ಸಹಿ ಹಾಕಿದ್ದ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಬೇರೆ. ಅಟ್ಟದ ತುಂಬ ಕಾಯಿ ಇರುವ ಮನೆಗಳಿಂದ ಬಂದ ಮಕ್ಕಳು, ಕೊಬ್ಬರಿ ಮಳೆಯಲ್ಲಿ ನೆನೆದದ್ದನ್ನು ಓದಿ ಕಣ್ಣು ತೇವವಾಯಿತು ಎಂದು ಬರೆದಿದ್ದರು. ರಾತ್ರಿ ತಾವು ಮಲಗುವಾಗ ತಲೆಯ ಮೇಲೆ ಏನಿರುತ್ತದೆ ಎಂದು ಒಬ್ಬರಿಗೂ ನೆನಪಾಗಲಿಲ್ಲ. ಪುಸ್ತಕದಲ್ಲಿ ಅಚ್ಚಾಗಿದೆ, ಅಲ್ಲಿಗೆ ಮುಗಿಯಿತು.

ಒಂದು ಮಾತ್ರ ಹಾಗಿರಲಿಲ್ಲ. ಹೊನ್ನವಳ್ಳಿಯಿಂದ ಬಸ್ಸಿನಲ್ಲಿ ಬರುವ, ಹೊಲಿಗೆ ತರಗತಿಯ ಹುಡುಗಿಯೊಬ್ಬಳದು. ಗೆರೆ ಹಾಳೆಯಲ್ಲಿ ಮೂರು ಪುಟ. ಶುರುವಿನಲ್ಲಿ, ಅಕ್ಕ ತಂಗಿ ಒಂದು ಸೀರೆಗೆ ಜಗಳ ಆಡುವ ಅಧ್ಯಾಯ ತನಗೆ ಇಷ್ಟವಾಯಿತು ಎಂದು ಬರೆದಿದ್ದಳು. ಕೊನೆಯಲ್ಲಿ, ಪುಸ್ತಕ ಸಿಕ್ಕಿದ್ದಕ್ಕೆ ಸಂತೋಷ ಎಂದಿದ್ದಳು. ನಡುವಿನ ಒಂದೂವರೆ ಪುಟ ಹೀಗಿತ್ತು:

“ಈ ಪುಸ್ತಕವನ್ನು ನಾನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಅಕ್ಷರ ಬರುವುದಿಲ್ಲ. ಮಳೆ ಬರುವ ಕಡೆ ಅಮ್ಮ ನಕ್ಕಳು. ಯಾಕೆ ನಗ್ತೀಯಾ ಅಂದರೆ, ಪಾಪ, ಈಯಮ್ಮಂಗೆ ಅಟ್ಟ ಇಲ್ವೇನೋ ಅಂದಳು. ನಮ್ಮ ಅಮ್ಮ ಬೇರೆಯವರ ಮನೆಗಳಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸ ಮಾಡುತ್ತಾಳೆ. ಕಾಯಿಯಲ್ಲಿ ನೀರು ಇದ್ದರೆ ಬುಳುಕ್ ಅನ್ನುತ್ತದೆ. ನೀರು ಇಂಗಿದ ಮೇಲೆ ಎಷ್ಟೋ ದಿನ ಏನೂ ಅನ್ನುವುದಿಲ್ಲ. ಚಿಪ್ಪು ಬಿಟ್ಟ ಮೇಲೆ ಗಟಗಟ ಅನ್ನುತ್ತದೆ. ಅಮ್ಮ ಕಾಯಿಯನ್ನು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ, ಇನ್ನೂ ಇಪ್ಪತ್ತು ದಿನ ಬೇಕು ಅನ್ನುತ್ತಾಳೆ. ಇಪ್ಪತ್ತೇ ದಿನ ಬೇಕಾಗುತ್ತದೆ. ಮನೆಯ ಯಜಮಾನರು ಅಮ್ಮನನ್ನು ಕೇಳಿಯೇ ಅಟ್ಟದಿಂದ ಇಳಿಸುತ್ತಾರೆ. ಅಮ್ಮ ಬಿಡಿಸಿದ ಕೊಬ್ಬರಿಗೆ ಮಚ್ಚಿನ ಗಾಯ ಇರುವುದಿಲ್ಲ. ಲೇಖಕರು ಅಮ್ಮನನ್ನು ಕೇಳಿದ್ದರೆ ಅಮ್ಮ ಹೇಳುತ್ತಿದ್ದಳು. ಪುಸ್ತಕದಲ್ಲಿರುವ ಹೆಂಗಸು ತುಂಬಾ ಅಳುತ್ತಾಳೆ. ಆದರೆ ಅವಳಿಗೆ ಕೆಲಸ ಬರುವುದಿಲ್ಲ.”

ಆ ಕೊನೆಯ ಎರಡು ಸಾಲು ಓದಿ ನಾನು ಎದ್ದು ಕೋಣೆಯಲ್ಲಿ ಓಡಾಡಿದೆ. ಮುನ್ನೂರು ಪುಟದ ಕಾದಂಬರಿಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಬರೆಯಲಾರೆ, ಯಾವ ವಿಮರ್ಶಕನೂ ಬರೆಯಲಾರ. ಮೊದಲ ಬಹುಮಾನ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಮಾರನೆಯ ದಿನ ಹುಡುಗಿಯನ್ನು ಕರೆದು ಹೇಳಿಯೂ ಬಿಟ್ಟೆ.

ಅವಳು ಕುಣಿಯಲಿಲ್ಲ. “ಅಮ್ಮನ್ನ ಕರ್ಕೊಂಡ್ ಬರ್ಬೋದಾ ಮೇಡಂ?” ಎಂದಳು. “ಅಮ್ಮನ್ ಬಗ್ಗೆ ಬರ್ದಿದೀನಿ ಅಂತ ಹೇಳಿದೀನಿ, ಏನ್ ಬರ್ದಿದೀನಿ ಅಂತ ಓದಿ ಹೇಳಿಲ್ಲ. ಸ್ಟೇಜ್ ಮ್ಯಾಲೆ ನಾನ್ ಓದೋವಾಗ್ಲೇ ಕೇಳ್ಲಿ ಅಂತ.”

“ಕರ್ಕೊಂಡು ಬಾ, ಮುಂದಿನ ಸಾಲಲ್ಲೇ ಕೂರಿಸ್ತೀನಿ” ಎಂದೆ. ಅಷ್ಟು ಧಾರಾಳವಾಗಿ ಮಾತು ಕೊಟ್ಟದ್ದು ನೆನೆದರೆ ಈಗಲೂ ನಾಲಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಬಹುಮಾನಿತ ಪ್ರತಿಕ್ರಿಯೆಗಳನ್ನು ಕಾರ್ಯದರ್ಶಿಗಳು ಮತ್ತು ಪ್ರಾಂಶುಪಾಲರು ಮೊದಲೇ ನೋಡಬೇಕು. ಕಾರ್ಯದರ್ಶಿಗಳು ಹುಡುಗಿಯ ಹಾಳೆಗಳನ್ನು ಕನ್ನಡಕ ಏರಿಸಿ ಓದಿದರು. ನಡುವೆ ಬಂದಾಗ ಹೊಟ್ಟೆ ಅಲುಗುವ ಹಾಗೆ ನಕ್ಕುಬಿಟ್ಟರು. “ಅಲ್ಲಾ, ಹೋಳ್ ಮಾಡಿ ಒಣಗಿ ಹಾಕವ್ರಾ? ಸರಿಯಾಗೇ ಹಿಡ್ದವ್ಳೆ ಹುಡುಗಿ!” ಎಂದರು. ಪುಸ್ತಕದಲ್ಲಿ ಏನಿದೆ ಎಂದು ಅವರಿಗೆ ಗೊತ್ತಾದದ್ದೇ ಆಗ. ನನಗೂ ಖುಷಿಯಾಗಿ ನಕ್ಕೆ. ಪ್ರಾಂಶುಪಾಲರು ನಗಲಿಲ್ಲ. ಅವರು ಯಾವತ್ತೂ ಕಾರ್ಯದರ್ಶಿಗಳು ನಕ್ಕು ಮುಗಿಸಿದ ಮೇಲೆ ಏನು ಮಾಡುತ್ತಾರೆ ಎಂದು ನೋಡಿಕೊಂಡು ನಗುವವರು.

ನಗು ನಿಂತಿತು. ಕಾರ್ಯದರ್ಶಿಗಳು ಹಾಳೆ ಮಡಿಸಿದರು. “ಬುಡಿ ಮೇಡಂ, ಈ ಮಧ್ಯದ್ದು ತೆಗ್ಸಿ. ಊರಿಗ್ ಬಂದೋರ ಮುಖಕ್ಕೆ ಹೊಡ್ದಂಗಾಯ್ತದೆ. ಬಹುಮಾನ ಹುಡುಗಿಗೇ ಇರ್ಲಿ.”

“ಅದ್ರಲ್ಲಿ ತಪ್ಪೇನಿದೆ ಸಾರ್?” ಎಂದೆ.

“ತಪ್ಪಿದ್ರೆ ಓದ್ಲಿ ಬುಡಿ ಅಂತಿದ್ದೆ. ತಪ್ಪಿಲ್ಲ ಕಣ್ರೀ, ಅದ್ಕೇ ಬ್ಯಾಡ.”

ಪ್ರಾಂಶುಪಾಲರು ತಕ್ಷಣ ಗೋಣು ಆಡಿಸಿದರು. ಅಷ್ಟಕ್ಕೇ ಬಿಡದೆ ತಮ್ಮದೂ ಒಂದು ಸೇರಿಸಿದರು: ವೇದಿಕೆಯ ಮುಂದೆ ಚಾಪೆ ಹಾಸಿ, ಕಾಯಿ ಒಡೆದು ಹೋಳುಗಳನ್ನು ಹರಡಿದರೆ ಕಾದಂಬರಿಯ ಅಂಗಳದ ಹಾಗೇ ಕಾಣುತ್ತದೆ, ಲೇಖಕರಿಗೆ ಸಂತೋಷವಾಗುತ್ತದೆ. ಇವರ ತಂದೆಯದು ತುರುವೇಕೆರೆ ಕಡೆ ದೊಡ್ಡ ತೋಟ. ಹುಟ್ಟಿದಾಗಿನಿಂದ ಅಟ್ಟದ ಕೆಳಗೇ ಬೆಳೆದ ಮನುಷ್ಯ. ಕಾರ್ಯದರ್ಶಿಗಳು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, “ಆಯ್ತು, ಮಾಡ್ಸಿ” ಎಂದರು. ತೆಂಗಿನ ಸೀಮೆಯವರು, ತೆಂಗು ಗೊತ್ತಿಲ್ಲದವರೊಬ್ಬರನ್ನು ಮೆಚ್ಚಿಸಲು, ತಮಗೆ ಗೊತ್ತಿದ್ದದ್ದನ್ನು ತಾವೇ ಮರೆತು ನಿಂತರು. ಇವರ ಬಗ್ಗೆ ನನಗೆ ಅಸಹ್ಯವಾಯಿತು. ಅಸಹ್ಯಪಟ್ಟುಕೊಂಡೇ ಹಾಳೆಗಳನ್ನು ತೆಗೆದುಕೊಂಡು ಬಂದೆ.

ಮಧ್ಯದ್ದನ್ನು ತೆಗೆ ಎಂದು ಹುಡುಗಿಗೆ ಹೇಳಿ ಅವಳ ಕೈಯಲ್ಲೇ ತೆಗೆಸಬಹುದಿತ್ತು. ಅಷ್ಟೂ ಮಾಡಲಿಲ್ಲ. ನಾನೇ ಕಂಪ್ಯೂಟರ್ ಮುಂದೆ ಕೂತು ಹೊಸದಾಗಿ ಬರೆದೆ. ಸೀರೆಯ ಜಗಳ ಉಳಿಸಿದೆ. ಖಾಲಿಯಾದ ಜಾಗಕ್ಕೆ “ಗ್ರಾಮೀಣ ಮಹಿಳೆಯ ಮೂಕ ಶ್ರಮಕ್ಕೆ ಲೇಖಕರು ದನಿಯಾಗಿದ್ದಾರೆ” ಎಂದು ತುಂಬಿದೆ. ಇಂಥ ಸಾಲು ಬರೆಯುವುದರಲ್ಲಿ ನಾನು ಎತ್ತಿದ ಕೈ. ಮೊಬೈಲಿಗೆ ಬೈಯುವ ನನಗೆ ಮೊಬೈಲೂ ಬೇಕಾಗಲಿಲ್ಲ.

ಹುಡುಗಿ ಆ ಟೈಪು ಮಾಡಿದ ಹಾಳೆಯನ್ನು ನಿಧಾನವಾಗಿ ಓದಿದಳು. “ಅಮ್ಮಂದು ಇಲ್ವಲ್ಲ ಮೇಡಂ?”

“ಇದೆಯಲ್ಲ, ಇಲ್ಲಿ ನೋಡು, ಗ್ರಾಮೀಣ ಮಹಿಳೆ ಅಂತ.”

“ಇದು ನಮ್ಮಮ್ಮ ಅಲ್ಲ.”

“ಎಲ್ಲಾ ಅಮ್ಮಂದಿರೂ ಅದ್ರಲ್ಲಿ ಬರ್ತಾರೆ ಕಣೇ. ದೊಡ್ಡೋರ ಮುಂದೆ ಓದೋದು, ಸ್ವಲ್ಪ ನಯವಾಗಿರ್ಬೇಕು. ಬಹುಮಾನ ನಿಂಗೇ ತಾನೆ?”

ಅವಳು ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು “ಆಯ್ತು ಮೇಡಂ” ಎಂದಳು. ಇಷ್ಟು ಬೇಗ ಒಪ್ಪಿದಳಲ್ಲ ಎಂದು ನನಗೆ ಅವಳ ಮೇಲೂ ಸಣ್ಣ ತಾತ್ಸಾರ ಬಂತು. ಒಪ್ಪಿಸಿದವಳು ನಾನೇ ಎಂಬುದು ಆ ಹೊತ್ತಿಗೆ ಅಡ್ಡ ಬರಲಿಲ್ಲ. ಅವಳ ಕೈಬರಹದ ಮೂರು ಹಾಳೆಗಳನ್ನು ನನ್ನ ಫೈಲಿನಲ್ಲೇ ಇಟ್ಟುಕೊಂಡೆ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಮೋಟಾರು ರಿಪೇರಿಯ ಹುಡುಗರು ಕಾಯಿ ಒಡೆದು ಚಾಪೆಯ ಮೇಲೆ ಹರಡಿದರು. ಒಡೆಯುತ್ತಾ ಒಡೆಯುತ್ತಾ ಅರ್ಧ ಅವರೇ ತಿಂದರು. ಹತ್ತು ಗಂಟೆಗೆ ನೊಣ ಮುತ್ತಿದವು. ಹುಡುಗಿ ಅಮ್ಮನ ಜೊತೆ ಬಂದಳು. ಆಕೆಗೆ ನನ್ನ ವಯಸ್ಸೇ ಇದ್ದೀತು. ಒಂದು ದಿನದ ಕೆಲಸ ಬಿಟ್ಟು, ಇಸ್ತ್ರಿ ಮಾಡಿಸಿದ ಸೀರೆ ಉಟ್ಟು ಬಂದಿದ್ದಳು. ಕೊಟ್ಟ ಮಾತಿನಂತೆ ಮುಂದಿನ ಸಾಲಿನಲ್ಲಿ ಕೂರಿಸಿದೆ, ಅಷ್ಟು ಮಾತ್ರ ನನ್ನಿಂದ ಆಯಿತು. ಆಕೆ ಚಾಪೆಯನ್ನು ನೋಡಿ ಪಿಸುದನಿಯಲ್ಲಿ ಕೇಳಿದಳು: “ಏನ್ ಮೇಡಂ, ಇಷ್ಟೊಂದ್ ಕಾಯಿ ಒಡ್ದವ್ರೆ, ಚಟ್ನಿಗಾ?”

ಲೇಖಕರು ಹನ್ನೊಂದಕ್ಕೆ ಬಂದರು. ಚಾಪೆಯನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡರು. ನಮ್ಮಲ್ಲಿ ದೊಡ್ಡವರು ಬಂದರೆ ಉಂಡೆ ಕೊಬ್ಬರಿ ಪೋಣಿಸಿದ ಹಾರ ಹಾಕುವುದು ರೂಢಿ, ಕಾರ್ಯದರ್ಶಿಗಳು ಹಾಕಿದರು. ಲೇಖಕರು ಒಂದು ಉಂಡೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ಮೈಕು ಎದುರಿಗಿರುವುದನ್ನು ಮರೆತು, “ಇದು ಚಿಪ್ಪಿನೊಳಗಿಂದ ಇಡಿಯಾಗಿ ಹೇಗೆ ಬಂತು?” ಎಂದು ಕೇಳಿದರು. ಸಭೆಗೆಲ್ಲ ಕೇಳಿಸಿತು. ತೆಂಗು ಸೀಮೆಯ ಕಾದಂಬರಿಕಾರರು ಉಂಡೆ ಕೊಬ್ಬರಿಯನ್ನು ಮೊದಲ ಸಲ ನೋಡುತ್ತಿದ್ದರು. ಮೂರು ತಲೆಮಾರಿನ ಮಂಡಿಯ ಯಜಮಾನರು ಅದೇ ಮೈಕಿನ ಮುಂದೆ, “ಅದೊಂದ್ ತರ ಸಾರ್, ನೀವ್ ಬರ್ದಿರೋದೊಂದ್ ತರ, ಎರಡೂ ಸರಿನೇ” ಎಂದು ಕೈ ಮುಗಿದರು. ಇನ್ನೂರು ಜನ ಕೂತಿದ್ದೆವು. ಒಬ್ಬರೂ ಕೆಮ್ಮಲಿಲ್ಲ. ಹುಡುಗಿಯ ಅಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು.

ಉಪನ್ಯಾಸದ ಬಗ್ಗೆ ಹೇಳುವುದೇನೂ ಇಲ್ಲ. ಮಣ್ಣು, ಬೇರು, ತಾಯಿ, ಮತ್ತೆ ಮಣ್ಣು. ಮುಗಿದ ಮೇಲೆ ಬಹುಮಾನಗಳು. ಮೂರನೆಯದು, ಎರಡನೆಯದು ಆಗಿ ಹುಡುಗಿಯನ್ನು ಕರೆದರು. ಲೇಖಕರಿಂದ ಪ್ರಶಸ್ತಿ ಪತ್ರ ತೆಗೆದುಕೊಂಡಳು, ಫೋಟೋಗೆ ನಿಂತಳು, ಮೈಕಿನ ಹತ್ತಿರ ಬಂದು ಬ್ಯಾಗಿನಿಂದ ಹಾಳೆ ಬಿಚ್ಚಿದಳು. ಬಿಚ್ಚಿ, ಓದದೆ ತಲೆ ಎತ್ತಿದಳು.

“ಇದು ನಾನ್ ಬರ್ದಿದ್ದಲ್ಲ. ಮೇಡಂ ಬರ್ದಿದ್ದು. ಅವರೇ ಓದ್ಲಿ.”

ದನಿ ಎತ್ತರಿಸಿ ಹೇಳಲಿಲ್ಲ. ಮೆಟ್ಟಿಲು ಇಳಿದು ನೇರ ನನ್ನ ಹತ್ತಿರ ಬಂದು ಹಾಳೆಯನ್ನು ಕೈಗೆ ಕೊಟ್ಟು, ಅಮ್ಮನ ಪಕ್ಕ ಹೋಗಿ ಕೂತಳು. ಸಭೆಯಲ್ಲಿ ಮೆಲ್ಲಗೆ ನಗು ಎದ್ದಿತು. ಪ್ರಾಂಶುಪಾಲರು ಮೈಕು ಹಿಡಿದು, “ಪಾಪ, ಹುಡುಗಿಗೆ ಸ್ಟೇಜ್ ಭಯ. ಪರವಾಗಿಲ್ಲ, ಮೇಡಂ, ನೀವೇ ಬಂದು ಓದಿಬಿಡಿ” ಎಂದರು. ಅವಳು ಹೇಳಿದ್ದು ಅಷ್ಟು ಸರಳವಾಗಿತ್ತು, ಆದರೂ ಯಾರೂ ಕೇಳಿಸಿಕೊಂಡಿರಲಿಲ್ಲ. ನಾನೊಬ್ಬಳು ಕೇಳಿಸಿಕೊಂಡಿದ್ದೆ.

ಫೈಲು ಹಿಡಿದುಕೊಂಡೇ ವೇದಿಕೆ ಹತ್ತಿದೆ. ಫೈಲಿನಲ್ಲಿ ಅವಳ ಮೂರು ಹಾಳೆಗಳಿದ್ದವು. ತೆಗೆದು ಓದಬಹುದಿತ್ತು. ಓದಿದ್ದರೆ ಏನಾಗುತ್ತಿತ್ತು? ಲೇಖಕರು ಹುಳ್ಳಗೆ ನಗುತ್ತಿದ್ದರು, ಕಾರ್ಯದರ್ಶಿಗಳು ಒಂದು ವಾರ ನನ್ನ ಹತ್ತಿರ ಮುಖ ಊದಿಸಿಕೊಂಡಿರುತ್ತಿದ್ದರು. ಅಷ್ಟೇ. ಕೆಲಸವೇನೂ ಹೋಗುತ್ತಿರಲಿಲ್ಲ, ಮನೆಯೇನೂ ಮುಳುಗುತ್ತಿರಲಿಲ್ಲ. ಇದೆಲ್ಲ ಮೆಟ್ಟಿಲು ಹತ್ತುವಾಗಲೇ ನನಗೆ ಗೊತ್ತಿತ್ತು. ಇಷ್ಟು ಹೊತ್ತು ಎಲ್ಲರನ್ನೂ ಆಡಿಕೊಂಡೆನಲ್ಲ, ಅವರಿಗೆಲ್ಲ ಒಂದೊಂದು ಕಾರಣವಾದರೂ ಇತ್ತು. ನನಗೆ ಅದೂ ಇರಲಿಲ್ಲ. ಟೈಪು ಮಾಡಿದ ಹಾಳೆಯನ್ನೇ ಓದಿದೆ.

ಚೆನ್ನಾಗಿಯೇ ಓದಿದೆ. ನನ್ನ ಓದಿಗೆ ಊರಲ್ಲಿ ಹೆಸರಿದೆ. ಮೂಕ ಶ್ರಮ ಎಂಬಲ್ಲಿ ಎಷ್ಟು ನಿಲ್ಲಿಸಬೇಕೋ ಅಷ್ಟು ನಿಲ್ಲಿಸಿದೆ. ಜೋರು ಚಪ್ಪಾಳೆ ಬಂತು. ಇಂಥ ಸೂಕ್ಷ್ಮ ಓದುಗರು ಹಳ್ಳಿಯಲ್ಲೇ ಸಿಗುವುದು ಎಂದು ಲೇಖಕರು ಹೇಳಿ, ಆ ಹಾಳೆಯನ್ನು ಕೇಳಿ ಇಸಕೊಂಡು ಜೇಬಿಗೆ ಹಾಕಿಕೊಂಡರು.

ವಂದನಾರ್ಪಣೆ ಮುಗಿದು ಜನ ಊಟದ ಕಡೆಗೆ ನುಗ್ಗುತ್ತಿದ್ದರು. ನಾನು ವೇದಿಕೆ ಇಳಿದು ಪಕ್ಕದ ಬಾಗಿಲಿಂದ ನುಣುಚಿಕೊಳ್ಳೋಣ ಎಂದು ಹೊರಟೆ. ಹುಡುಗಿಯ ಅಮ್ಮ ಅಡ್ಡ ಬಂದು ಕೈ ಮುಗಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

“ಚೆನ್ನಾಗ್ ಓದಿದ್ರಿ ಮೇಡಂ” ಎಂದಳು ಆಕೆ. “ನಿಮ್ದಾಯ್ತಲ್ಲ, ನಮ್ ಹುಡುಗಿ ಬರ್ದಿದ್ದು ಯಾವಾಗ ಓದ್ಸ್ತೀರಾ?”

“ಅದು ಇವತ್ತಿನ ಕಾರ್ಯಕ್ರಮದಲ್ಲಿ ಇಲ್ಲಮ್ಮ” ಎಂದೆ.

ಆಕೆ ಮಗಳ ಕಡೆ ಒಂದು ಸಲ ತಿರುಗಿ, ಮತ್ತೆ ನನ್ನ ಕಡೆ ನೋಡಿದಳು. “ಅಂಗಾದ್ರೆ ನಾನ್ಯಾಕ್ ಬಂದೆ ಮೇಡಂ?”

ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ಗೊತ್ತಾಗದೆ, ನಾನು ಹೇಳುತ್ತೇನೆ ಎಂದು ಕಾದು ನಿಂತಳು. ಎಲೆ ಹಾಕಿದ್ದಾರೆ, ಊಟ ಮಾಡಿಕೊಂಡು ಹೋಗಿ ಎಂದೆ.